ಎದೆಯುರಿ ಪರೀಕ್ಷೆ: ಆ ದಿನ ಏನು ತಿಂದಿರಿ ಎಂಬುದೂ ಲೆಕ್ಕಕ್ಕಿದೆ



ಸಂಕ್ರಾಂತಿ ಕೂಟದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಮಾವನವರ ‘ಗ್ಯಾಸ್ಟ್ರಿಕ್’ ಪುರಾಣ ಹೇಗೋ ಮಾತಿಗೆ ಬಂತು. ಅಕ್ಕಪಕ್ಕದಲ್ಲಿದ್ದವರಲ್ಲಿ ನಾಲ್ಕು ಮನೆಯವರು, “ನಮ್ಮ ಅಪ್ಪನಿಗೂ ಇದೇ ಟೆಸ್ಟ್ ಬರೆದಿದ್ದಾರೆ, ಆ ದಿನ ಏನು ತಿನ್ನಬಹುದು, ಏನು ತಿನ್ನಬಾರದು?” ಎಂದು ಕೇಳಿದರು. ತಟ್ಟೆ ಹಿಡಿದುಕೊಂಡು ಹೇಳಿ ಮುಗಿಸುವ ವಿಷಯ ಅದಲ್ಲ. ಆದ್ದರಿಂದ ಈ ಬರಹ. ನಾವಿಬ್ಬರೂ ವೈದ್ಯರಲ್ಲ, ಕಂಪ್ಯೂಟರ್ ಕೆಲಸದವರು. ಒಂದು ಪರೀಕ್ಷೆಯನ್ನು ಎರಡು ಸಲ ಮಾಡಿಸಿಕೊಳ್ಳಬೇಕಾಗಿ ಬಂದಾಗ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇವೆ. ಔಷಧಿ ನಿಲ್ಲಿಸುವುದು, ಶುರುಮಾಡುವುದು ಎಲ್ಲವೂ ನಿಮ್ಮ ವೈದ್ಯರು ಹೇಳಿದಂತೆಯೇ ಆಗಬೇಕು. ಇನ್ನೊಂದು ಮಾತು: ಎದೆನೋವನ್ನೆಲ್ಲ ಗ್ಯಾಸ್ಟ್ರಿಕ್ ಎಂದುಕೊಂಡು ಈನೋ ಕುಡಿದು ಮಲಗುವ ಅಭ್ಯಾಸ ನಮ್ಮವರಲ್ಲಿ ಬಹಳ. ಎದೆ ಬಿಗಿತ, ಬೆವರು, ತೋಳಿಗೆ ಅಥವಾ ದವಡೆಗೆ ಹರಡುವ ನೋವು ಇದ್ದರೆ ಮೊದಲು ನೋಡಬೇಕಾದ್ದು ಹೃದಯವನ್ನು. ಆಗ ಆಂಬುಲೆನ್ಸ್ ಕರೆಯಿರಿ, ಈ ಲೇಖನ ಆಮೇಲೆ ಓದಿ.

ಪರೀಕ್ಷೆ ಏನನ್ನು ಅಳೆಯುತ್ತದೆ?

ಜಠರದಲ್ಲಿ ಆಮ್ಲ ಇರುವುದು ಸಹಜ, ಇರಲೇಬೇಕು. ಅದು ಮೇಲಕ್ಕೆ, ಅನ್ನನಾಳಕ್ಕೆ ಬಂದರೆ ತೊಂದರೆ. ಇವೆರಡರ ನಡುವೆ ಒಂದು ಸ್ನಾಯುವಿನ ಬಳೆ ಇದೆ. ನುಂಗುವಾಗ ಸಡಿಲವಾಗಿ ಆಮೇಲೆ ಬಿಗಿಯಾಗುವುದು ಅದರ ಕೆಲಸ. ಹೊತ್ತಲ್ಲದ ಹೊತ್ತಿನಲ್ಲಿ ಅದು ಸಡಿಲಗೊಂಡರೆ ಆಮ್ಲ ಮೇಲೇರುತ್ತದೆ. ಇದಕ್ಕೇ ಆಸಿಡ್ ರಿಫ್ಲಕ್ಸ್ ಎನ್ನುವುದು.

ಎಂಡೋಸ್ಕೋಪಿಯಲ್ಲಿ ಅನ್ನನಾಳದ ಹುಣ್ಣು ಸ್ಪಷ್ಟವಾಗಿ ಕಂಡರೆ ಹೆಚ್ಚಿನ ಪುರಾವೆ ಬೇಕಾಗುವುದಿಲ್ಲ. ಆದರೆ ಎದೆಯುರಿ ಎಂದು ಬರುವ ಬಹಳ ಜನರಲ್ಲಿ ಎಂಡೋಸ್ಕೋಪಿ ಸ್ವಚ್ಛವಾಗಿಯೇ ಇರುತ್ತದೆ. ಆಗ ‘ನಿಜವಾಗಿಯೂ ಆಮ್ಲ ಬರುತ್ತಿದೆಯೇ, ಎಷ್ಟು ಹೊತ್ತು ಬರುತ್ತಿದೆ’ ಎಂದು ಅಳೆಯಲು ಪಿಎಚ್ ಪರೀಕ್ಷೆ ಮಾಡುತ್ತಾರೆ. ಪಿಎಚ್ ಎಂಬ ಅಳತೆಯನ್ನು 1909ರಲ್ಲಿ ಕೊಟ್ಟವರು ಡೆನ್ಮಾರ್ಕಿನ ಸೋರೆನ್‌ಸನ್, ಅದೂ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿದ್ದಾಗ! ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಒಂದು ಅಂಕಿ ಇಳಿದರೆ ಆಮ್ಲ ಹತ್ತು ಪಟ್ಟು ಏರಿತು ಎಂದರ್ಥ.

ಪರೀಕ್ಷೆಯಲ್ಲಿ ಮುಖ್ಯವಾಗಿ ಎರಡು ಬಗೆ. ಮೂಗಿನಿಂದ ತೆಳು ನಳಿಕೆ ಇಳಿಸಿ 24 ಗಂಟೆ ಇಡುವುದು ಒಂದು. ಅದರ ಸೆನ್ಸರ್ ಸ್ನಾಯುವಿನ ಬಳೆಯ ಮೇಲ್ತುದಿಯಿಂದ 5 ಸೆಂಟಿಮೀಟರ್ ಮೇಲೆ ಕೂರುತ್ತದೆ. ಇನ್ನೊಂದು, ಎಂಡೋಸ್ಕೋಪಿ ಮಾಡುವಾಗಲೇ ಅನ್ನನಾಳದ ಗೋಡೆಗೆ ಪುಟ್ಟ ಕ್ಯಾಪ್ಸೂಲ್ ಅಂಟಿಸುವುದು. ಅಮೆರಿಕದಲ್ಲಿ ‘ಬ್ರಾವೋ’ ಎಂಬ ಹೆಸರಲ್ಲಿ ನೀವು ಕೇಳಿರುತ್ತೀರಿ. ಅದು ಸೊಂಟಕ್ಕೆ ಕಟ್ಟಿದ ಪೆಟ್ಟಿಗೆಗೆ 48ರಿಂದ 96 ಗಂಟೆಗಳವರೆಗೆ ಸಂಕೇತ ಕಳಿಸುತ್ತದೆ, ಕೆಲವು ದಿನಗಳಲ್ಲಿ ತಾನಾಗಿ ಕಳಚಿ ಹೋಗುತ್ತದೆ. (ಕ್ಯಾಪ್ಸೂಲ್ ಹಾಕಿಸಿಕೊಂಡ ಮೇಲೆ 30 ದಿನ ಎಂಆರ್‌ಐ ಮಾಡಿಸುವಂತಿಲ್ಲ. ಮಂಡಿನೋವಿಗೆ ಎಂಆರ್‌ಐ ಬರೆಸಿಕೊಂಡಿರುವ ಹಿರಿಯರಿದ್ದರೆ ಮೊದಲೇ ಹೇಳಿಬಿಡಿ.)

ಈ ಎರಡರಲ್ಲೂ ಮುಖ್ಯವಾದ ಲೆಕ್ಕ ಒಂದೇ: ಒಟ್ಟು ಸಮಯದಲ್ಲಿ ಶೇಕಡಾ ಎಷ್ಟು ಹೊತ್ತು ಪಿಎಚ್ 4ಕ್ಕಿಂತ ಕೆಳಗಿತ್ತು? 1974ರಲ್ಲಿ ಜಾನ್ಸನ್ ಮತ್ತು ಡಿಮೀಸ್ಟರ್ ಎಂಬ ವೈದ್ಯರು 24 ಗಂಟೆಗಳ ಈ ವಿಧಾನಕ್ಕೆ ಅಂಕಗಳ ಪದ್ಧತಿ ಮಾಡಿಕೊಟ್ಟರು. ಈಗಲೂ ವರದಿಗಳಲ್ಲಿ ‘ಡಿಮೀಸ್ಟರ್ ಸ್ಕೋರ್’ ಕಾಣುತ್ತದೆ, ಅದರ ಗಡಿ 14.72. ಈಚಿನ ದಿನಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 2018ರಲ್ಲಿ ಪ್ರಕಟವಾದ ಲಿಯಾನ್ ಒಮ್ಮತದ ಗಡಿಗಳು: ಶೇಕಡಾ 4ಕ್ಕಿಂತ ಕಡಿಮೆಯಿದ್ದರೆ ಸಹಜ, 6ಕ್ಕಿಂತ ಹೆಚ್ಚಿದ್ದರೆ ರಿಫ್ಲಕ್ಸ್ ಖಚಿತ, ನಡುವಿನದು ಅನುಮಾನದ ಜಾಗ. ಆಮೇಲೆ ಬಂದ ಅದರ ಎರಡನೇ ಆವೃತ್ತಿಯಲ್ಲಿ ಕ್ಯಾಪ್ಸೂಲ್ ಪರೀಕ್ಷೆಗೆ, ಎರಡು ಅಥವಾ ಹೆಚ್ಚು ದಿನ 6 ದಾಟಿದ್ದರೆ ಖಚಿತ ಎಂದು ಹೇಳಿದ್ದಾರೆ.

ಈ ಸಂಖ್ಯೆಗಳನ್ನು ನಿಮಿಷಕ್ಕೆ ತಿರುಗಿಸಿ ನೋಡಿ. ದಿನಕ್ಕೆ 1440 ನಿಮಿಷ. ಅದರ ಶೇಕಡಾ 4 ಎಂದರೆ ಸುಮಾರು 58 ನಿಮಿಷ, ಶೇಕಡಾ 6 ಎಂದರೆ ಸುಮಾರು 86 ನಿಮಿಷ. ‘ನಿಮಗೇನೂ ಇಲ್ಲ’ ಎನ್ನುವುದಕ್ಕೂ ‘ನಿಮಗೆ ಕಾಯಿಲೆ ಇದೆ’ ಎನ್ನುವುದಕ್ಕೂ ನಡುವೆ ಇರುವುದು ಅರ್ಧ ಗಂಟೆಗೂ ಕಡಿಮೆ! ಈ ಲೆಕ್ಕ ಹಾಕಿದ ಮೇಲೆಯೇ ನಮಗೆ ಊಟದ ವಿಚಾರ ಎಷ್ಟು ದೊಡ್ಡದು ಎಂದು ಅರಿವಾದದ್ದು.

ಸೆನ್ಸರ್‌ಗೆ ಮೇಲು ಕೆಳಗು ತಿಳಿಯದು

ಪಿಎಚ್ ಸೆನ್ಸರ್‌ಗೆ ಗೊತ್ತಾಗುವುದು ತನ್ನ ಸುತ್ತ ಹುಳಿ ಇದೆಯೋ ಇಲ್ಲವೋ ಎಂಬುದು ಮಾತ್ರ. ಆ ಹುಳಿ ಜಠರದಿಂದ ಮೇಲೆ ಬಂದದ್ದೋ, ಬಾಯಿಂದ ಕೆಳಗೆ ಹೋಗುತ್ತಿರುವುದೋ ಅದಕ್ಕೆ ತಿಳಿಯುವುದಿಲ್ಲ. ನೀವು ಒಂದು ಗುಟುಕು ನಿಂಬೆ ಶರಬತ್ತು ಕುಡಿದರೆ ಅದೂ ಒಂದು ‘ಆಮ್ಲದ ಘಟನೆ’ ಆಗಿ ದಾಖಲಾಗಬಹುದು. ಆರೋಗ್ಯವಂತರು ಹುಳಿ ಪದಾರ್ಥ ಸೇವಿಸಿದಾಗ ಪಿಎಚ್ ದಾಖಲೆಯಲ್ಲಿ ಅದು ರಿಫ್ಲಕ್ಸಿನಂತೆಯೇ ಕಾಣುತ್ತದೆ ಎಂದು ಅಮೆರಿಕದ ಸಂಶೋಧಕರು 2005ರಲ್ಲಿ ತೋರಿಸಿದ್ದಾರೆ.

ಹೀಗಾಗಿಯೇ ಪೆಟ್ಟಿಗೆಯ ಮೇಲೆ ‘ಊಟ’ ಎಂಬ ಗುಂಡಿ ಇರುವುದು. ಊಟ ಶುರುವಾದಾಗ ಒಮ್ಮೆ, ಮುಗಿದಾಗ ಒಮ್ಮೆ ಒತ್ತಬೇಕು. ಆ ಅವಧಿಯನ್ನು ಲೆಕ್ಕದಿಂದ ತೆಗೆದುಹಾಕುತ್ತಾರೆ. ವಿಧಾನ ಸರಳ, ಆದರೆ ಎಲ್ಲವೂ ಗುಂಡಿ ಒತ್ತುವವರ ಮೇಲೆ ನಿಂತಿದೆ. ಹನ್ನೆರಡೂವರೆಗೆ ಕೂತು ಒಂದಕ್ಕೆ ಏಳುವ ಇಲ್ಲಿನವರ ಊಟಕ್ಕೆ ಇದು ಸರಿ. ನಮ್ಮ ಊಟ ಎಲ್ಲಿ ಮುಗಿಯುತ್ತದೆ ಹೇಳಿ? ಅನ್ನ, ಹುಳಿ, ಸಾರು, ಮಜ್ಜಿಗೆ ಆದ ಮೇಲೆ ಒಂದು ಲೋಟ ಬಿಸಿ ಸಾರು ಕೈಯಲ್ಲಿ ಹಿಡಿದು ಸೋಫಾಗೆ ಬಂದು ಕೂರುತ್ತೇವೆ. ಅರ್ಧ ಗಂಟೆ ಬಿಟ್ಟು ಎಲೆ ಅಡಿಕೆ. ಮೂರಕ್ಕೆ ಒಂದು ಹಿಡಿ ಕುರುಕಲು. ಬಾಯಿ ಸುಮ್ಮನಿರುವ ಹೊತ್ತು ಕಡಿಮೆ.

ಮಾವನವರ ನಾಲ್ಕು ದಿನ

ನಮ್ಮಲ್ಲೊಬ್ಬರಿಗೆ ತಂದೆ, ಇನ್ನೊಬ್ಬರಿಗೆ ಮಾವ. ಸಾಗರದ ಕಡೆಯವರು, ಎಪ್ಪತ್ತರ ಹತ್ತಿರದ ವಯಸ್ಸು. 2024ರ ಬೇಸಿಗೆಯಲ್ಲಿ ಆರು ತಿಂಗಳಿಗೆಂದು ಇಲ್ಲಿಗೆ ಬಂದಿದ್ದರು. ಎದೆಯುರಿ ಅವರಿಗೆ ಹತ್ತು ವರ್ಷದ ಗೆಳೆಯ. ಮಾತ್ರೆಗೆ ಬಗ್ಗುತ್ತಿರಲಿಲ್ಲ. ಇಲ್ಲಿನ ವೈದ್ಯರು ಎಂಡೋಸ್ಕೋಪಿ ಮಾಡಿ, ಹುಣ್ಣೇನೂ ಕಾಣದ್ದರಿಂದ ಅದೇ ಹೊತ್ತಿಗೆ 96 ಗಂಟೆಗಳ ಕ್ಯಾಪ್ಸೂಲ್ ಇಟ್ಟು ಕಳಿಸಿದರು. ವಿಸಿಟರ್ ಇನ್ಶೂರೆನ್ಸ್ ಹಳೆಯ ಕಾಯಿಲೆ ಎಂದು ಕೈಯೆತ್ತಿತು. ಖರ್ಚು ನಮ್ಮದೇ.

ವರದಿ ಬಂತು. ಮೊದಲ ದಿನ ಶೇಕಡಾ 3.1, ಎರಡನೇ ದಿನ 6.8, ಮೂರನೇ ದಿನ 6.4, ನಾಲ್ಕನೇ ದಿನ 2.2. ಎರಡು ದಿನ 6 ದಾಟಿದೆ, ಮಾತ್ರೆಗೆ ಬಗ್ಗುತ್ತಿಲ್ಲ, ಹಾಗಾಗಿ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಬಹುದು ಎಂದರು. ಜಠರದ ಮೇಲ್ಭಾಗವನ್ನು ಅನ್ನನಾಳದ ಕೆಳತುದಿಗೆ ಸುತ್ತಿ ಹೊಲಿಯುವ ಶಸ್ತ್ರಚಿಕಿತ್ಸೆ ಅದು. ಎಪ್ಪತ್ತರ ವಯಸ್ಸಿನಲ್ಲಿ, ಪರದೇಶದಲ್ಲಿ! ಅತ್ತೆಯವರು ಅವತ್ತು ರಾತ್ರಿ ಊಟ ಮಾಡಲಿಲ್ಲ.

ನಾವು ಮಾಡಿದ್ದು ನಮಗೆ ಬರುವ ಕೆಲಸ. ಆಫೀಸಿನಲ್ಲಿ ದಿನಾ ಲಾಗ್ ಫೈಲ್ ಓದುತ್ತೇವಲ್ಲ, ಹಾಗೆ ಆ ನಾಲ್ಕು ದಿನದ ಗ್ರಾಫ್ ಕೇಳಿ ಪಡೆದು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆವು. ಎರಡನೇ, ಮೂರನೇ ದಿನದ ಇಳಿತಗಳೆಲ್ಲ ಮಧ್ಯಾಹ್ನ ಎರಡರಿಂದ ಐದರ ನಡುವೆ ಗುಂಪುಗೂಡಿದ್ದವು. ರಾತ್ರಿ ಬಹುತೇಕ ಏನೂ ಇಲ್ಲ.

“ಮಾವ, ಶುಕ್ರವಾರ ಮಧ್ಯಾಹ್ನ ಊಟ ಆದಮೇಲೆ ಏನಾದ್ರೂ ತಗೊಂಡ್ರಾ?”

“ಏನೂ ಇಲ್ವಲ್ಲ. ಊಟ ಮುಗೀತು, ಗುಂಡಿ ಒತ್ತಿದೆ.”

“ಏನೂ ತಿನ್ನಲಿಲ್ವಾ?”

“ತಿನ್ನೋದು ಅಂತ ಏನಿಲ್ಲ. ನೆಲ್ಲಿ ಚೂರು ಬಾಯಲ್ಲಿತ್ತು. ಅದು ಬಾಯಾಡಿಸೋದು, ಊಟ ಅಲ್ವಲ್ಲ!”

ಊರಿಂದ ತಂದಿದ್ದ ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ. ಒಂದು ಕರಗಿದ ಮೇಲೆ ಇನ್ನೊಂದು, ಮಧ್ಯಾಹ್ನವಿಡೀ. ಜೊತೆಗೆ ಪಕ್ಕದಲ್ಲಿ ಒಂದು ಬಾಟಲಿ ನಿಂಬೆ ಶರಬತ್ತು, ಬೇಸಿಗೆಯಲ್ಲವೇ ಎಂದು ನಾವೇ ಮಾಡಿಟ್ಟದ್ದು. ಮೊದಲ ದಿನ ಗಂಟಲು ನೋವೆಂದು ಏನೂ ಬಾಯಾಡಿಸಿರಲಿಲ್ಲ. ನಾಲ್ಕನೇ ದಿನ ಭಾನುವಾರ, ದೇವಸ್ಥಾನಕ್ಕೆ ಹೋಗಿ ಸ್ನೇಹಿತರ ಮನೆಗೆ ಹೋಗಿ ಬರುವಷ್ಟರಲ್ಲಿ ಸಂಜೆಯಾಗಿತ್ತು, ನೆಲ್ಲಿ ಡಬ್ಬಿ ಮನೆಯಲ್ಲೇ ಉಳಿದಿತ್ತು.

ಇದನ್ನು ಬರೆದು ವೈದ್ಯರಿಗೆ ಕೊಟ್ಟೆವು. ಅವರು ಕೋಪಿಸಿಕೊಳ್ಳಲಿಲ್ಲ, ಸಂತೋಷದಿಂದಲೇ ನೋಡಿದರು. ಆಸ್ಪತ್ರೆ ಕೊಟ್ಟಿದ್ದ ಕಾಗದದಲ್ಲಿ ‘ಊಟಗಳ ನಡುವೆ ಹುಳಿ ಪಾನೀಯ, ಸೋಡಾ, ಹುಳಿ ಪೆಪ್ಪರ್‌ಮಿಂಟು ಬೇಡ’ ಎಂಬ ಸಾಲು ಇತ್ತು. ಅದನ್ನು ನಾವು ಓದಿ ಹೇಳಿದ್ದೆವು ಕೂಡ. ಆದರೆ ಆ ಪಟ್ಟಿಯಲ್ಲಿ ನೆಲ್ಲಿ ಚೂರು ಇರಲಿಲ್ಲ, ಇರುವುದಾದರೂ ಹೇಗೆ? ಅದನ್ನು ನಮ್ಮ ಭಾಷೆಗೆ, ನಮ್ಮ ಅಡಿಗೆಮನೆಗೆ ತಂದು ಹೇಳಬೇಕಾದವರು ನಾವಾಗಿದ್ದೆವು.

ಎರಡನೇ ಸಲ: ದಿಕ್ಕು ತಿಳಿಯುವ ನಳಿಕೆ

ಎರಡನೇ ಪರೀಕ್ಷೆಗೆ ನಳಿಕೆಯ ವಿಧಾನ ಆರಿಸಿದರು, ಅದರಲ್ಲೂ ‘ಇಂಪೀಡೆನ್ಸ್’ ಸೇರಿದ್ದು. ಇಂಜಿನಿಯರುಗಳಿಗೆ ಇದು ಇಷ್ಟವಾಗುತ್ತದೆ. ನಳಿಕೆಯ ಉದ್ದಕ್ಕೂ ಹಲವು ಲೋಹದ ಉಂಗುರಗಳಿದ್ದು, ಎರಡೆರಡರ ನಡುವಿನ ವಿದ್ಯುತ್ ತಡೆಯನ್ನು ಅಳೆಯುತ್ತಿರುತ್ತವೆ. ದ್ರವ ಹಾದುಹೋದರೆ ತಡೆ ಇಳಿಯುತ್ತದೆ, ಗಾಳಿ ಹೋದರೆ ಏರುತ್ತದೆ. ಇಳಿತ ಮೇಲಿನ ಉಂಗುರದಲ್ಲಿ ಮೊದಲು ಕಂಡರೆ ನುಂಗಿದ್ದು, ಕೆಳಗಿನ ಉಂಗುರದಲ್ಲಿ ಮೊದಲು ಕಂಡರೆ ರಿಫ್ಲಕ್ಸ್. ಹುಳಿಯಲ್ಲದ ರಿಫ್ಲಕ್ಸನ್ನೂ ಇದು ಹಿಡಿಯುತ್ತದೆ. ಒಟ್ಟು ಎಷ್ಟು ಸಲ ಬಂತು ಎಂದೂ ಎಣಿಸುತ್ತಾರೆ: ದಿನಕ್ಕೆ 40ಕ್ಕಿಂತ ಕಡಿಮೆ ಸಹಜ, 80ಕ್ಕಿಂತ ಹೆಚ್ಚು ಅಸಹಜ.

ಮಾವನವರದು ಈ ಸಲ ಶೇಕಡಾ 2.6, ಒಟ್ಟು 38 ಸಲ. ‘ಉರಿ’ ಎಂದು 9 ಸಲ ಗುಂಡಿ ಒತ್ತಿದ್ದರು, ಅದರಲ್ಲಿ ರಿಫ್ಲಕ್ಸಿನ ಜೊತೆ ಹೊಂದಿದ್ದು 2 ಮಾತ್ರ. ಅರ್ಧಕ್ಕಿಂತ ಹೆಚ್ಚು ಹೊಂದಿದ್ದರೆ ಮಾತ್ರ ಅದಕ್ಕೂ ಇದಕ್ಕೂ ಸಂಬಂಧ ಎನ್ನುತ್ತಾರಂತೆ. ಅಂದರೆ ಉರಿ ನಿಜ, ಆದರೆ ಕಾರಣ ಮೇಲೇರುವ ಆಮ್ಲವಲ್ಲ. ಅನ್ನನಾಳದ ನರಗಳ ಸೂಕ್ಷ್ಮತೆ. ಶಸ್ತ್ರಚಿಕಿತ್ಸೆಯ ಮಾತು ಅಲ್ಲಿಗೆ ಬಿತ್ತು, ಚಿಕಿತ್ಸೆಯ ದಾರಿಯೇ ಬೇರೆಯಾಯಿತು.

ತದ್ವಿರುದ್ಧ ತಪ್ಪು: ಗಂಜಿ ಕುಡಿದು ಪರೀಕ್ಷೆಗೆ ಕೂರುವುದು

ನಮ್ಮ ಮನೆಯಲ್ಲಿ ಇಲ್ಲದ ರಿಫ್ಲಕ್ಸ್ ಕಂಡಿತು. ಇದಕ್ಕೆ ವಿರುದ್ಧವಾಗಿ ಇರುವ ರಿಫ್ಲಕ್ಸ್ ಕಾಣದೆ ಹೋಗುವುದೂ ಉಂಟು. ನಮ್ಮವರಲ್ಲಿ ಇದೇ ಹೆಚ್ಚು ಇರಬೇಕು ಎಂದು ನಮ್ಮ ಅನಿಸಿಕೆ. ಏಕೆಂದರೆ ಪರೀಕ್ಷೆ ಎಂದರೆ ಪಥ್ಯ ಎಂಬ ಭಾವನೆ ನಮ್ಮ ರಕ್ತದಲ್ಲಿದೆ. ಮೂಗಲ್ಲಿ ನಳಿಕೆ ಬೇರೆ ಇರುತ್ತದೆ, ನುಂಗಲು ಕಿರಿಕಿರಿ. ಹಾಗಾಗಿ ಗಂಜಿ, ಹಾಲು, ಮೊಸರನ್ನ, ಬೇಗ ಊಟ, ದಿನವಿಡೀ ಕುರ್ಚಿಯಲ್ಲಿ ನೆಟ್ಟಗೆ ಕೂತಿರುವುದು. ವರದಿ ‘ಸಹಜ’ ಎಂದು ಬರುತ್ತದೆ. ಬಾರದೆ ಏನು ಮಾಡುತ್ತದೆ? ಅವರು ಅಳೆದದ್ದು ಆ ವ್ಯಕ್ತಿಯ ಬದುಕಿನ ಒಂದು ದಿನವನ್ನಲ್ಲ.

ಆಹಾರ ಬದಲಿಸಿದರೆ ಸಂಖ್ಯೆ ಎಷ್ಟು ಬದಲಾಗಬಹುದು? 2006ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ ಸ್ಥೂಲಕಾಯದ 8 ಮಂದಿಗೆ ಕೆಲವೇ ದಿನ ಕಾರ್ಬೋಹೈಡ್ರೇಟ್ ಬಹಳ ಕಡಿಮೆಯಿರುವ ಆಹಾರ ಕೊಟ್ಟರು. ಪಿಎಚ್ 4ಕ್ಕಿಂತ ಕೆಳಗಿದ್ದ ಸಮಯ ಸರಾಸರಿ ಶೇಕಡಾ 5.1ರಿಂದ 2.5ಕ್ಕೆ ಇಳಿಯಿತು. ಎಂಟೇ ಮಂದಿ, ಆದ್ದರಿಂದ ಇದನ್ನು ಚಿಕಿತ್ಸೆ ಎಂದು ಹಿಡಿದುಕೊಳ್ಳಬೇಡಿ. ಆದರೆ ಒಂದು ವಾರವೂ ಆಗದ ಬದಲಾವಣೆ ಒಬ್ಬರನ್ನು ‘ಅನುಮಾನ’ದಿಂದ ‘ಸಹಜ’ದ ಕಡೆಗೆ ಎಳೆಯಬಲ್ಲದು ಎಂಬುದು ಗಮನಿಸಬೇಕಾದ ಸಂಗತಿ.

ಹಾಲಿನ ವಿಷಯ ಸ್ವಲ್ಪ ಬೇರೆ. ಹಾಲಿನ ಪಿಎಚ್ ಸುಮಾರು 6.6. ಅದು, ಹಾಗೆಯೇ ಯಾವುದೇ ಊಟ, ಜಠರದ ಆಮ್ಲವನ್ನು ಸ್ವಲ್ಪ ಹೊತ್ತು ತಣಿಸುತ್ತದೆ. ಆ ಹೊತ್ತಿನಲ್ಲಿ ಮೇಲೆ ಬರುವ ದ್ರವದ ಪಿಎಚ್ 4ಕ್ಕಿಂತ ಮೇಲಿದ್ದರೆ, ಬಂದದ್ದು ನಿಜವಾದರೂ ಬರೀ ಪಿಎಚ್ ಸೆನ್ಸರ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಟೆಗೊಮ್ಮೆ ಹಾಲು ಕುಡಿಯುವವರಲ್ಲಿ ಹೀಗೆ ತಪ್ಪಿಹೋಗುತ್ತದೆ. ಎಳೆ ಮಕ್ಕಳಿಗೆ ಪದೇ ಪದೇ ಹಾಲೇ ಆಹಾರವಾದ್ದರಿಂದ ಅವರಿಗೆ ಇಂಪೀಡೆನ್ಸ್ ಸೇರಿದ ಪರೀಕ್ಷೆ ಉತ್ತಮ ಎನ್ನುವುದು ಇದಕ್ಕೇ. ಒಂದು ಸ್ವಾರಸ್ಯ ಹೇಳಲೇಬೇಕು: ಊಟವಾದ ಮೇಲೆ ಜಠರದೊಳಗಿನ ಅನ್ನವೆಲ್ಲ ಆಮ್ಲವನ್ನು ತಣಿಸಿದ್ದರೂ, ಮೇಲ್ಭಾಗದಲ್ಲಿ, ಸರಿಯಾಗಿ ಅನ್ನನಾಳದ ಬಾಗಿಲಲ್ಲೇ, ತಣಿಯದ ಆಮ್ಲದ ಒಂದು ಪದರ ತೇಲುತ್ತಿರುತ್ತದೆ. ಗ್ಲಾಸ್ಗೋ ನಗರದ ಸಂಶೋಧಕರು 2001ರಲ್ಲಿ ಇದನ್ನು ವಿವರಿಸಿದರು. ಊಟವಾದ ಕೂಡಲೇ ಮಲಗಬೇಡಿ ಎಂದು ಅಜ್ಜಿ ಹೇಳುತ್ತಿದ್ದುದಕ್ಕೆ ಒಂದು ಕಾರಣ ಇಲ್ಲೂ ಸಿಕ್ಕಿತು.

ಎಣ್ಣೆ ತುಪ್ಪ ಹೆಚ್ಚಿರುವ ದೊಡ್ಡ ಊಟ, ಚಾಕೊಲೇಟ್, ಮದ್ಯ, ಪುದೀನಾ ಎಣ್ಣೆಯ ಪೆಪ್ಪರ್‌ಮಿಂಟು, ತಡರಾತ್ರಿಯ ಊಟ ಇವು ರಿಫ್ಲಕ್ಸನ್ನು ಹೆಚ್ಚಿಸಬಹುದು. ಇವು ನಿಮ್ಮ ಮಾಮೂಲಿ ಬದುಕಿನಲ್ಲಿ ಇದ್ದರೆ ಪರೀಕ್ಷೆಯ ದಿನವೂ ಇರಲಿ, ಇಲ್ಲದಿದ್ದರೆ ಅವತ್ತಿಗೆಂದು ತರಬೇಡಿ. ಮೆಣಸಿನಕಾಯಿ ಬೇರೆ ಜಾತಿ: ಅದರ ಉರಿ ನೇರವಾಗಿ ನರಗಳ ಮೇಲೆ, ಆಮ್ಲ ಬರದೆಯೂ ಎದೆ ಉರಿಯಬಹುದು. ಅದನ್ನು ತಿಂದು ಉರಿಯಾದರೆ ಗುಂಡಿ ಒತ್ತಿ, ಬರೆದಿಡಿ. ಹೊಂದಾಣಿಕೆ ಇದೆಯೋ ಇಲ್ಲವೋ ನೋಡುವುದಕ್ಕೆ ಅದೇ ಆಧಾರ.

ಹಬ್ಬ, ಉಪವಾಸ ನೋಡಿಕೊಂಡು ತಾರೀಕು ತೆಗೆದುಕೊಳ್ಳಿ. ಏಕಾದಶಿ ಮಾಡುವ ಹಿರಿಯರಿಗೆ ಏಕಾದಶಿಯಂದೇ 24 ಗಂಟೆಯ ಪರೀಕ್ಷೆ ಬಿದ್ದರೆ ಅದು ಹಣ ದಂಡ. ಮದುವೆ ಊಟದ ದಿನವೂ ಬೇಡ.

ನಮ್ಮ ಅಡಿಗೆಮನೆಯ ಪಿಎಚ್

ಗಡಿ 4 ಎಂಬುದು ನೆನಪಿರಲಿ. ನಿಂಬೆರಸ 2ರಿಂದ 2.6ರ ಹತ್ತಿರ. ಕೋಲಾ ಪಾನೀಯಗಳು ಸುಮಾರು 2.5. ವಿನಿಗರ್, ಹುಣಸೆ ಗೊಜ್ಜು, ನೆಲ್ಲಿಕಾಯಿ, ಪುನರ್ಪುಳಿ ಶರಬತ್ತು ಎಲ್ಲವೂ ಗಡಿಯಿಂದ ಕೆಳಗೆ. ಕಿತ್ತಳೆ ರಸ ಮೂರೂವರೆ ನಾಲ್ಕರ ಸುತ್ತ. ಟೊಮೆಟೊ, ಮೊಸರು ಗಡಿಯಿಂದ ಚೂರು ಮೇಲೆ, ಹುಳಿ ಬಂದ ಮೊಸರು ಇನ್ನೂ ಹತ್ತಿರ. ಕಾಫಿ ಸುಮಾರು 5, ಅಂದರೆ ಈ ಲೆಕ್ಕದಲ್ಲಿ ಸೆನ್ಸರನ್ನು ಮೋಸಗೊಳಿಸುವುದಿಲ್ಲ. ಆದರೆ ಕಾಫಿಯಿಂದ ರಿಫ್ಲಕ್ಸೇ ಆಗುವವರಿದ್ದಾರೆ, ಅದು ಬೇರೆ ಮಾತು. ಅನ್ನ, ಚಪಾತಿ, ಮುದ್ದೆ, ಬೇಳೆ ಇವುಗಳಿಂದ ಗೊಂದಲವಿಲ್ಲ. ಸಾರು? ಎಷ್ಟು ಹುಣಸೆ ಹಿಂಡಿದ್ದೀರಿ ಎಂಬುದರ ಮೇಲೆ.

ಹಾಗೆಂದು ಸಾರು ಬಿಡಬೇಕಾಗಿಲ್ಲ. ಸಾರು, ಅಪ್ಪೆಹುಳಿ, ಉಪ್ಪಿನಕಾಯಿ, ಚಿತ್ರಾನ್ನ ಎಲ್ಲವನ್ನೂ ಊಟದ ಎರಡು ಗುಂಡಿಗಳ ನಡುವೆ ಮುಗಿಸಿ. ಲೋಟದ ಸಾರು ಕುಡಿದಾದ ಮೇಲೆ, ಬಾಯಿ ಮುಕ್ಕಳಿಸಿ ನೀರು ಕುಡಿದು ‘ಮುಗಿಯಿತು’ ಗುಂಡಿ ಒತ್ತಿ. ನಡುವಿನ ಹೊತ್ತಿಗೆ ನೀರು ಮಾತ್ರ. ನೆಲ್ಲಿ ಚೂರು, ಹುಣಸೆ ಚಿಗಳಿ, ಮಕ್ಕಳ ಹುಳಿ ಕ್ಯಾಂಡಿ, ಅಗಿಯುವ ವಿಟಮಿನ್ ಸಿ ಮಾತ್ರೆ ಬಚ್ಚಿಡಿ. ಎಲೆ ಅಡಿಕೆ ಹಾಕುವವರು ವೈದ್ಯರಿಗೆ ಮೊದಲೇ ಹೇಳಿ. ಚ್ಯೂಯಿಂಗ್ ಗಮ್ ಕೂಡ ಬೇಡ, ಜೊಲ್ಲು ಹೆಚ್ಚಿ ಮೇಲೆ ಬಂದ ಆಮ್ಲವನ್ನು ಬೇಗ ತೊಳೆದುಬಿಡುತ್ತದೆ. ಕೇಂದ್ರದಿಂದ ಕೇಂದ್ರಕ್ಕೆ ನಿಯಮ ಸ್ವಲ್ಪ ಬದಲಾಗುತ್ತದೆ, ಅವರ ಕಾಗದವೇ ಅಂತಿಮ.

ಡೈರಿ ಬರೆಯುವಾಗ ಕೈಗಡಿಯಾರ ನೋಡಬೇಡಿ, ಪೆಟ್ಟಿಗೆಯ ಗಡಿಯಾರವನ್ನೇ ನೋಡಿ. ರೋಗಲಕ್ಷಣಕ್ಕೂ ರಿಫ್ಲಕ್ಸಿಗೂ ಹೊಂದಾಣಿಕೆ ನೋಡುವುದು ಎರಡು ನಿಮಿಷದ ಕಿಟಕಿಯಲ್ಲಿ. ನಿಮ್ಮ ಗಡಿಯಾರ ಐದು ನಿಮಿಷ ಮುಂದಿದ್ದರೆ ಒಂದೂ ಹೊಂದುವುದಿಲ್ಲ. ಮಲಗಿದ್ದು, ಎದ್ದದ್ದು, ಮಧ್ಯಾಹ್ನದ ನಿದ್ದೆಯೂ ಸೇರಿ, ಬರೆಯಬೇಕು. ಮಾವನವರ ಎರಡನೇ ಪರೀಕ್ಷೆಯಲ್ಲಿ ಈ ಕೆಲಸ ಅತ್ತೆಯವರು ವಹಿಸಿಕೊಂಡರು. ಅದಕ್ಕಿಂತ ಕಟ್ಟುನಿಟ್ಟಾದ ದಾಖಲೆ ಆ ಆಸ್ಪತ್ರೆ ನೋಡಿರಲಾರದು.

ಊರಿನ ಮಾತ್ರೆ ಡಬ್ಬಿ

ಕಾಯಿಲೆ ಇದೆಯೋ ಇಲ್ಲವೋ ಎಂದು ತಿಳಿಯುವ ಪರೀಕ್ಷೆಗೆ ಸಾಮಾನ್ಯವಾಗಿ ಆಮ್ಲ ತಡೆಯುವ ‘ಪ್ರಜೋಲ್’ ಮಾತ್ರೆಗಳನ್ನು 7 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ, ಆಂಟಾಸಿಡ್‌ಗಳನ್ನು ಹಿಂದಿನ ದಿನದಿಂದ. ಇಲ್ಲಿ ನಮ್ಮವರಿಗೇ ಬರುವ ತೊಡಕು ಬ್ರ್ಯಾಂಡ್ ಹೆಸರಿನದು. ಪ್ಯಾನ್-ಡಿ ಎಂದರೆ ಇಲ್ಲಿನ ನರ್ಸಿಗೆ ಏನೂ ತಿಳಿಯದು. ಅದರಲ್ಲಿ ಪ್ಯಾಂಟೊಪ್ರಜೋಲ್ ಇದೆ, ಜೊತೆಗೆ ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆಯಿಲ್ಲದ ಡಾಂಪೆರಿಡೋನ್ ಕೂಡ. ಓಮೆಜ್ ಎಂದರೆ ಒಮೆಪ್ರಜೋಲ್, ರಾಝೋ ಎಂದರೆ ರಾಬೆಪ್ರಜೋಲ್, ರಾನ್‌ಟ್ಯಾಕ್ ಎಂದರೆ ರಾನಿಟಿಡಿನ್. ಇದನ್ನು 2020ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯುವಂತೆ ಅಮೆರಿಕದ ಎಫ್‌ಡಿಎ ಸೂಚಿಸಿತ್ತು. ಡಬ್ಬಿಯನ್ನೇ ತೆಗೆದುಕೊಂಡು ಹೋಗಿ, ಒಳಗಿನ ಔಷಧಿಯ ಹೆಸರು ತೋರಿಸಿ. ಮಾತ್ರೆ ನಿಲ್ಲಿಸಿದ ವಾರ ಉರಿ ಹೆಚ್ಚಾಗುವುದುಂಟು. ಆಗ ಕದ್ದು ಈನೋ ಕುಡಿಯುವುದು, ಊಟ ಅರ್ಧ ಮಾಡುವುದು ಎರಡೂ ವರದಿಯನ್ನು ಕೆಡಿಸುತ್ತವೆ. ತಡೆಯಲಾಗದಿದ್ದರೆ ಫೋನ್ ಮಾಡಿ ಕೇಳಿ.

ಮೊಟ್ಟೆ ತಿನ್ನದವರಿಗೆ

ರಿಫ್ಲಕ್ಸ್ ತಪಾಸಣೆಯಲ್ಲಿ ಕೆಲವರಿಗೆ, ಜಠರ ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ನೋಡುವ ಇನ್ನೊಂದು ಪರೀಕ್ಷೆಯನ್ನೂ ಬರೆಯುತ್ತಾರೆ. ಇದರಲ್ಲಿ ಊಟವೇ ಅಳತೆಗೋಲು. ಅಲ್ಪ ಪ್ರಮಾಣದ ವಿಕಿರಣಶೀಲ ಟೆಕ್ನೀಶಿಯಂ ಬೆರೆಸಿದ ಮೊಟ್ಟೆಯ ಬಿಳಿಭಾಗ, ಎರಡು ತುಂಡು ಬ್ರೆಡ್, ಜಾಮ್, 120 ಮಿಲಿಲೀಟರ್ ನೀರು, ಒಟ್ಟು ಸುಮಾರು 255 ಕ್ಯಾಲರಿ. ತಿಂದ ಮೇಲೆ ನಾಲ್ಕು ಗಂಟೆಯವರೆಗೆ ಆಗಾಗ ಚಿತ್ರ ತೆಗೆಯುತ್ತಾರೆ. ಕೊನೆಗೆ ಶೇಕಡಾ 10ಕ್ಕಿಂತ ಹೆಚ್ಚು ಉಳಿದಿದ್ದರೆ ನಿಧಾನ ಎಂದು ತೀರ್ಮಾನ. ಈ ಸಂಖ್ಯೆ ಆ ಊಟಕ್ಕೆ ಮಾತ್ರ ಅನ್ವಯಿಸುತ್ತದೆ. ಕೊಬ್ಬು ಹೆಚ್ಚಿದರೆ ಜಠರ ನಿಧಾನವಾಗುತ್ತದೆ, ದ್ರವವಾದರೆ ಬೇಗ ಖಾಲಿಯಾಗುತ್ತದೆ.

ನಮ್ಮ ಕೂಟದ ಒಬ್ಬ ಹಿರಿಯ ತಾಯಿಯವರಿಗೆ ಇದು ಪರೀಕ್ಷೆಯ ಬೆಳಿಗ್ಗೆ, ತಟ್ಟೆ ಎದುರಿಗೆ ಬಂದ ಮೇಲೆ ತಿಳಿಯಿತು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವರು. ಮಗನ ಮುಖ ನೋಡಿ, ಬೇಡವೆನ್ನಲಾಗದೆ ಎರಡು ಚಮಚ ತಿಂದು ಅಲ್ಲೇ ವಾಂತಿ ಮಾಡಿಕೊಂಡರು. ಪರೀಕ್ಷೆಯೂ ಹೋಯಿತು, ಅವರ ಮನಸ್ಸಿಗೂ ನೋವಾಯಿತು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಮೊಟ್ಟೆಯಿಲ್ಲದ ಊಟ ಇದೆಯೇ, ಅದಕ್ಕೆ ಬೇರೆ ಗಡಿಸಂಖ್ಯೆ ಇಟ್ಟುಕೊಂಡಿದ್ದೀರಾ ಎಂದು ಎರಡನ್ನೂ ಕೇಳಿ. ಕೆಲವು ಕಡೆ ಓಟ್ಸ್ ಗಂಜಿ ಅಥವಾ ಪೌಷ್ಟಿಕ ಪಾನೀಯ ಕೊಡುತ್ತಾರೆ. ಮನೆಯಿಂದ ಉಪ್ಪಿಟ್ಟು ಕಟ್ಟಿಕೊಂಡು ಹೋಗಿ ‘ಇದನ್ನೇ ಬೆರೆಸಿ ಕೊಡಿ’ ಎಂದರೆ ಬರುವ ಸಂಖ್ಯೆಯನ್ನು ಹೋಲಿಸಿ ನೋಡಲು ಏನೂ ಇರುವುದಿಲ್ಲ.

ಅಂದ ಹಾಗೆ, ‘ಎಚ್. ಪೈಲೋರಿ’ ಎಂಬ ಬ್ಯಾಕ್ಟೀರಿಯಾಗೆ ಮಾಡುವ ಉಸಿರಿನ ಪರೀಕ್ಷೆ ಇವೆಲ್ಲಕ್ಕಿಂತ ಬೇರೆ. ಅದು ರಿಫ್ಲಕ್ಸ್ ಪರೀಕ್ಷೆಯಲ್ಲ. ಅದಕ್ಕೆ ಖಾಲಿ ಹೊಟ್ಟೆ ಬೇಕು, ಪ್ರಜೋಲ್ ಮಾತ್ರೆ ಎರಡು ವಾರ, ಆಂಟಿಬಯಾಟಿಕ್ ನಾಲ್ಕು ವಾರ ಬಿಟ್ಟಿರಬೇಕು. ಎರಡೂ ಕಾಗದಗಳನ್ನು ಒಂದೇ ಫೈಲಿನಲ್ಲಿಟ್ಟು ನಾವು ಒಮ್ಮೆ ಗೊಂದಲ ಮಾಡಿಕೊಂಡಿದ್ದೆವು.

ಮಾವನವರು ಈಗ ಸಾಗರದಲ್ಲಿದ್ದಾರೆ. ಉರಿ ಪೂರ್ತಿ ಹೋಗಿಲ್ಲ, ಮೊದಲಿನಷ್ಟಿಲ್ಲ. ಹೊರಡುವ ದಿನ ಸೂಟ್‌ಕೇಸ್ ತೂಕ ಮಾಡುವಾಗ ನೆಲ್ಲಿ ಡಬ್ಬಿ ಖಾಲಿಯಾಗಿತ್ತು. “ಇದನ್ನ ಯಾರು ಮುಗಿಸಿದ್ದು?” ಎಂದು ಅತ್ತೆಯವರು ಕೇಳಿದರು. ಯಾರೂ ಮಾತಾಡಲಿಲ್ಲ.